ನೂರಕ್ಕೆ ಇನ್ನೂ ಒಂಬತ್ತು ಕಡಿಮೆ



ಕೊರೊನಾ ವರ್ಷ, ಅಂದರೆ 2020–21ರಲ್ಲಿ, ಭಾರತದ ಜಿಡಿಪಿ ಶೇ 4.5 ಕುಸಿಯುತ್ತದೆಂದು ಐಎಂಎಫ್ ಜೂನ್‌ನಲ್ಲಿ ಹೇಳಿತು. ಅಕ್ಟೋಬರ್‌ನಲ್ಲಿ ಅದೇ ಶೇ 10.3 ಆಯಿತು. ವರ್ಷ ಮುಗಿದ ಮೇಲೆ ಸರ್ಕಾರದ ಅಂದಾಜು ಶೇ 7.3. ನಮ್ಮ ಪಂಚಾಂಗದ ಮಳೆಯೇ ವಾಸಿ!

2021ರ ಏಪ್ರಿಲ್–ಜೂನ್‌ನಲ್ಲಿ ಶೇ 20.1 ಬೆಳವಣಿಗೆ ಎಂದಾಗ ಹಲವರು ಹಿಗ್ಗಿದರು. ನನಗೆ ನೆನಪಾದದ್ದು ಇದೇ ಶಾಲೆಯ ಕರಿಹಲಗೆಯ ಮೇಲಿನ ಶೇಕಡಾ ಲೆಕ್ಕ. ಹಿಂದಿನ ವರ್ಷ ಅದೇ ಮೂರು ತಿಂಗಳಲ್ಲಿ ಸುಮಾರು ಶೇ 24 ಕುಸಿದಿತ್ತು. ನೂರು ರೂಪಾಯಿ ಎಪ್ಪತ್ತಾರಾಯಿತು. ಎಪ್ಪತ್ತಾರಕ್ಕೆ ಶೇ 20 ಕೂಡಿಸಿ ನೋಡಿ, ತೊಂಬತ್ತೊಂದು ಮಾತ್ರ.

ಆ ಲೆಕ್ಕದಲ್ಲೂ ಸಣ್ಣಪುಟ್ಟ ಉದ್ಯಮಗಳ ಪಾಲನ್ನು ಹೆಚ್ಚಾಗಿ ದೊಡ್ಡ ಕಂಪನಿಗಳ ವರದಿ ನೋಡಿಯೇ ಅಂದಾಜಿಸಿದ್ದರು. ಮುಚ್ಚಿದ ಚಹಾದಂಗಡಿ ಅಲ್ಲಿ ಕಾಣಲಿಲ್ಲ. ಆಗ ಬೆಂಗಳೂರಿನಿಂದ ಗಂಟುಮೂಟೆ ಕಟ್ಟಿ ಬಂದ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಮತ್ತೆ ಕೆಲಸ ಸಿಕ್ಕಿತೆಂದು ನೀವೇ ಹೇಳಬೇಕು.