ಹಳೆಯ ಲಾರಿಯ ಸವೆದ ಸ್ಟಾರ್ಟರು: ದುರಸ್ತಿಯೋ, ಬದಲಾವಣೆಯೋ

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಹಿಡುವಳಿದಾರರಿಗೂ ಗ್ರಾಮದ ಮುಖ್ಯಸ್ಥರಿಗೂ ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟಗಳ ವಿಷಯವಾಗಿ ಇಂತಹ ಸಭೆಗಳಲ್ಲಿ ಪ್ರಸ್ತಾಪವಾಗುವುದು ವಾಡಿಕೆಯಷ್ಟೆ. ಲಾರಿಯ ಸ್ಟಾರ್ಟರಿಗೂ ವ್ಯವಸಾಯಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಮುಂಗಾರು ಬೆಳೆಯ ಕೊಯ್ಲು ಈ ಕರಾವಳಿಯಲ್ಲಿ ಮಳೆಯು ಪೂರ್ತಿಯಾಗಿ ಬಿಡುವುದಕ್ಕೆ ಮುಂಚೆಯೇ ಬರುವುದು. ಯಂತ್ರದಿಂದ ಕೊಯ್ದ ಭತ್ತದಲ್ಲಿ ನೂರಕ್ಕೆ 20ಕ್ಕೂ ಮೇಲ್ಪಟ್ಟು ತೇವವಿರುವುದುಂಟು. ಶೇಖರಿಸಿಡತಕ್ಕ ಭತ್ತದಲ್ಲಿ ಅದು 14ನ್ನು ಮೀರಕೂಡದು. ಹಸಿಯ ಭತ್ತವನ್ನು ಚೀಲದಲ್ಲಿ ತುಂಬಿ, ಟಾರ್ಪಾಲಿನ ಅಡಿಯಲ್ಲಿ ಎರಡು ದಿನ ನಿಲ್ಲಿಸಿದರೆ ಒಳಗೆ ಕಾವು ಹುಟ್ಟಿ, ಮುಗ್ಗಲು ಹಿಡಿದು, ಕಾಳು ಮೊಳೆಯುವುದು. ವರ್ಷದ ದುಡಿಮೆಯನ್ನು ಹೇರಿಕೊಂಡ ಲಾರಿಯು ಬೈಲಿನ ಅಂಚಿನಲ್ಲಿ ಹೊರಡದೆ ನಿಂತರೆ ನಷ್ಟವು ಲಾರಿಯ ಯಜಮಾನನೊಬ್ಬನದಲ್ಲ, ಬೆಳೆದವರೆಲ್ಲರದು.

ಸ್ಟಾರ್ಟರನ್ನು ನಮ್ಮ ಕಡೆಯ ಚಾಲಕರು 'ಸೆಲ್ಫ್' ಎನ್ನುವರು. ಮೊದಮೊದಲಿನ ಮೋಟಾರುಗಳಿಗೆ ಇದು ಇರಲಿಲ್ಲ. ಮುಂಭಾಗದಲ್ಲಿ ಹ್ಯಾಂಡಲನ್ನು ತೂರಿಸಿ ಕೈಯಿಂದಲೇ ತಿರುಗಿಸಬೇಕಾಗಿತ್ತು. ಎಂಜಿನು ಹಿಂದಕ್ಕೆ ಒದೆದಾಗ ಮಣಿಕಟ್ಟು ಮುರಿದುಕೊಂಡವರು ಲೋಕದಲ್ಲೆಲ್ಲಾ ಅನೇಕರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತನು 1911ರಲ್ಲಿ ವಿದ್ಯುತ್ತಿನ ಸ್ಟಾರ್ಟರನ್ನು ಸಿದ್ಧಪಡಿಸಲು, 1912ರ ಕ್ಯಾಡಿಲಾಕ್ ಮೋಟಾರುಗಳಲ್ಲಿ ಅದು ಬಳಕೆಗೆ ಬಂದಿತು. ದೊಡ್ಡ ಡೀಸೆಲ್ ಎಂಜಿನ್ನಿಗಂತೂ ಅದು ಅನಿವಾರ್ಯ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಬಲವಾಗಿ ಒತ್ತಿದುದರಿಂದ ಹುಟ್ಟುವ ಶಾಖದಿಂದಲೇ ಎಣ್ಣೆಯು ಹೊತ್ತಿಕೊಳ್ಳಬೇಕು. ಸ್ಟಾರ್ಟರು ನಿಧಾನವಾಗಿ ತಿರುಗಿಸಿದರೆ ಆ ಶಾಖವು ಲೋಹಕ್ಕೆ ಇಳಿದುಹೋಗುವುದು. ಆದುದರಿಂದ 'ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ' ಎಂಬ ದೂರಿನಲ್ಲಿಯೂ ಅನೇಕ ವೇಳೆ ತಪ್ಪು ಸ್ಟಾರ್ಟರಿನದೇ ಆಗಿರುವುದು.

ಟೆಲ್ಕೋ ಸಂಸ್ಥೆಯವರು ಡೈಮ್ಲರ್-ಬೆಂಜ್ ಸಹಯೋಗದಿಂದ 1954ರಲ್ಲಿ ಲಾರಿ ತಯಾರಿಕೆಯನ್ನು ಆರಂಭಿಸಿದರು. ಟಾಟಾ 407 ಎಂಬ ಚಿಕ್ಕ ಲಾರಿಯು 1986ರಲ್ಲಿ ಹೊರಬಂದಿತು. ಈ ಜಾತಿಯ ಹಳೆಯ ಗಾಡಿಗಳು ಮುರಕಲ್ಲು, ಹಂಚು, ತೆಂಗಿನಕಾಯಿ, ಮೀನು, ಭತ್ತ ಎಲ್ಲವನ್ನೂ ಹೊತ್ತವು. ಎಂಟು ವರ್ಷ ದಾಟಿದ ಸಾರಿಗೆ ವಾಹನವನ್ನು ವರ್ಷಕ್ಕೊಮ್ಮೆ ಅರ್ಹತಾ ಪರೀಕ್ಷೆಗೆ ಒಯ್ಯಬೇಕಾದುದರಿಂದ, ಅದೇ ಸಮಯದಲ್ಲಿ ಸ್ಟಾರ್ಟರನ್ನೂ ಬಿಚ್ಚಿಸಿ ನೋಡುವುದು ಯುಕ್ತವು. ಮಳೆಗಾಲಕ್ಕೆ ಮುಂಚೆಯಾದರೆ ಮತ್ತೂ ಉತ್ತಮ.

ಇಲ್ಲಿಯ ಹವೆಯು ವಿದ್ಯುತ್ತಿನ ಸಲಕರಣೆಗಳಿಗೆ ಹಿತವಾದುದಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕಕ್ಕೆ ಸಮುದ್ರ, ಇನ್ನೊಂದು ಪಕ್ಕಕ್ಕೆ ಸೌಪರ್ಣಿಕೆ. ಗಂಗೊಳ್ಳಿಯಿಂದ ಮೀನು ತುಂಬಿ ಬರುವ ಲಾರಿಯ ಹಲಗೆಗಳ ಸಂದಿನಿಂದ ಉಪ್ಪುನೀರು ಚಾಸಿಯ ಮೇಲೆ ಸುರಿಯುತ್ತಲೇ ಇರುವುದು. ಮುರಕಲ್ಲಿನ ಕೋರೆಗಳಲ್ಲಾದರೋ ಕೆಂಪು ಧೂಳು. ಉಪ್ಪು ತಂತಿಯ ತುದಿಗಳನ್ನು ತಿನ್ನುವುದು. ಧೂಳು ಗ್ರೀಸಿನೊಂದಿಗೆ ಸೇರಿ ಬುಷ್ಷುಗಳನ್ನು ಅರೆಯುವುದು.

ಇದರಿಂದ ಒಂದು ಮುಖ್ಯ ವಿಷಯವು ಹೊರಡುತ್ತದೆ: ಸ್ಟಾರ್ಟರು ಕೆಟ್ಟಿತೆಂದು ಬಿಚ್ಚುವುದಕ್ಕೆ ಮೊದಲು ಬ್ಯಾಟರಿಯನ್ನೂ ತಂತಿಗಳನ್ನೂ ಪರೀಕ್ಷಿಸತಕ್ಕದ್ದು. ಬೈಲಿನ ತೋಡಿನಲ್ಲಿ ಕಸ ಕಟ್ಟಿದ್ದರೆ ಮೇಲಿನ ಕಟ್ಟದಲ್ಲಿ ಎಷ್ಟು ನೀರಿದ್ದರೂ ಕೊನೆಯ ಗದ್ದೆಗೆ ತಲಪದು. 12 ವೋಲ್ಟಿನ ಲಾರಿಯಲ್ಲಿ ಸ್ಟಾರ್ಟರು 300 ಆಂಪಿಯರು ಎಳೆಯುವಾಗ, ತುಕ್ಕು ಹಿಡಿದ ಒಂದು ಕೂಡಿಕೆಯಲ್ಲಿ ಒಂದು ಓಮಿನ ನೂರರಲ್ಲೊಂದು ಭಾಗದಷ್ಟು ಮಾತ್ರ ತಡೆಯಿದ್ದರೂ ಅಲ್ಲಿಯೇ 3 ವೋಲ್ಟು ನಷ್ಟವಾಗುವುದು. ಅಂದರೆ ಬಲದ ಕಾಲುಭಾಗ. ಆ ಕೂಡಿಕೆಯು ಕೈ ಸುಡುವಷ್ಟು ಬಿಸಿಯಾಗುವುದೇ ಅದರ ಗುರುತು. ಚಾಸಿಯ ಮೂಲಕ ಹೋಗುವ ಅರ್ತ್ ತಂತಿಯನ್ನು ಜನರು ಮರೆಯುವುದೇ ಹೆಚ್ಚು. ಬಣ್ಣವನ್ನೂ ತುಕ್ಕನ್ನೂ ಉಜ್ಜಿ ತೆಗೆದು, ಬಿಗಿಯಾಗಿ ಕೂಡಿಸಿ, ಮೇಲೆ ವ್ಯಾಸಲೀನನ್ನು ಸವರಿದರೆ ಸಾಕು. ಹೀಗೆ ಮಾಡದೆ ಹೊಸ ಸ್ಟಾರ್ಟರನ್ನೇ ಕೊಂಡು ಹಣವನ್ನು ಕಳೆದುಕೊಂಡವರು ಎಲ್ಲ ಊರುಗಳಲ್ಲಿಯೂ ಇದ್ದಾರೆ.

ವೋಲ್ಟ್ ಮೀಟರೊಂದಿದ್ದರೆ ಊಹೆಯ ಕೆಲಸವಿಲ್ಲ. ಸೆಲ್ಫ್ ಹೊಡೆಯುತ್ತಿರುವಾಗ 12 ವೋಲ್ಟಿನ ಬ್ಯಾಟರಿಯು ಸುಮಾರು ಒಂಬತ್ತೂವರೆ ವೋಲ್ಟಿಗಿಂತ ಕೆಳಕ್ಕೆ ಇಳಿಯಕೂಡದು. ಎರಡು ಬ್ಯಾಟರಿಗಳುಳ್ಳ 24 ವೋಲ್ಟಿನ ಗಾಡಿಯಲ್ಲಿ ಇದರ ಇಮ್ಮಡಿ. ಬ್ಯಾಟರಿಯ ಋಣ ಕಂಬಕ್ಕೂ ಸ್ಟಾರ್ಟರಿನ ಮೈಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ತ್ ಕೆಟ್ಟಿದೆಯೆಂದು ತಿಳಿಯತಕ್ಕದ್ದು.

ಬ್ಯಾಟರಿಯೂ ತಂತಿಯೂ ಸರಿಯಾಗಿದ್ದು ದೋಷವು ಸ್ಟಾರ್ಟರಿನದೇ ಆದಲ್ಲಿ, ಅದರ ಲಕ್ಷಣಗಳು ಬೇರೆಬೇರೆ. 'ಟಕ್' ಎಂದು ಒಮ್ಮೆ ಸದ್ದಾಗಿ ಸುಮ್ಮನಾದರೆ ಸೋಲನಾಯ್ಡಿನ ತಾಮ್ರದ ಬಿಲ್ಲೆಗಳು ಸುಟ್ಟಿರಬಹುದು, ಇಲ್ಲವೆ ಕಾರ್ಬನ್ ಬ್ರಷ್ಷುಗಳು ಸವೆದಿರಬಹುದು. ಮರದ ತುಂಡಿನಿಂದ ಮೆಲ್ಲನೆ ತಟ್ಟಿದಾಗ ತಿರುಗಿದರೆ ಬ್ರಷ್ಷೇ ಮುಗಿದಿದೆಯೆಂದು ಬಹುಮಟ್ಟಿಗೆ ಹೇಳಬಹುದು. ಆದರೆ ತಟ್ಟಿ ತಟ್ಟಿ ತಿಂಗಳುಗಟ್ಟಲೆ ಓಡಿಸುವುದು ಸರಿಯಲ್ಲ. ಸ್ಟಾರ್ಟರು ಗಿರ್ರನೆ ತಿರುಗಿ ಎಂಜಿನು ಅಲುಗದಿದ್ದರೆ ಪಿನಿಯನ್ನಿನ ಒಮ್ಮುಖದ ಕ್ಲಚ್ಚು ಜಾರುತ್ತಿದೆ. ಇದನ್ನು ಗ್ಯಾರೇಜಿನವರು ಇಂದಿಗೂ 'ಬೆಂಡಿಕ್ಸ್' ಎನ್ನುವರು; ನಿಜವಾದ ಬೆಂಡಿಕ್ಸ್ ಬೇರೆ ಜಾತಿಯದು, ಆದರೂ ಹೆಸರು ಮಾತ್ರ ಉಳಿದುಬಂದಿದೆ. ಕರ್ಕಶವಾಗಿ ಹಲ್ಲು ಅರೆದ ಸದ್ದು ಬಂದರೆ ಫ್ಲೈವೀಲಿನ ರಿಂಗ್ ಗೇರನ್ನೂ ನೋಡತಕ್ಕದ್ದು. ನಾಲ್ಕು ಸಿಲಿಂಡರಿನ ಎಂಜಿನು ನಿಲ್ಲುವಾಗ ಹೆಚ್ಚಾಗಿ ಎರಡೇ ಸ್ಥಾನಗಳಲ್ಲಿ ನಿಲ್ಲುವುದರಿಂದ ಹಲ್ಲುಗಳು ಆ ಎರಡು ಕಡೆಯೇ ಸವೆಯುವುವು. ಅಂತಹ ರಿಂಗಿಗೆ ಹೊಸ ಸ್ಟಾರ್ಟರನ್ನು ಕೂಡಿಸಿದರೆ ಹೊಸ ಪಿನಿಯನ್ನೂ ಬೇಗನೆ ಹಾಳಾಗುವುದು.

ಬಿಚ್ಚುವ ಕ್ರಮವು ಹೀಗೆ: ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಗೇರನ್ನು ನ್ಯೂಟ್ರಲಿಗೆ ತಂದು, ಮೊದಲು ಬ್ಯಾಟರಿಯ ಅರ್ತ್ ತಂತಿಯನ್ನು ಕಳಚಬೇಕು. ಲಾರಿಯ ಸ್ಟಾರ್ಟರು ಬಹಳ ಭಾರ. ಕೊನೆಯ ಬೋಲ್ಟನ್ನು ತೆಗೆಯುವಾಗ ಕೆಳಗೆ ಆಧಾರವಿರಬೇಕು. ಮಲಗಿಕೊಂಡು ಬಿಚ್ಚುವ ಹುಡುಗನ ಎದೆಯ ಮೇಲೆ ಅದು ಬೀಳಬಾರದು.

ಒಳಗಿನ ಕೆಲಸದಲ್ಲಿ ಬ್ರಷ್ಷು ಮತ್ತು ಬುಷ್ಷು ಇವೆರಡೇ ಮುಖ್ಯ, ಇವೆರಡೇ ಅಗ್ಗ. ಬ್ರಷ್ಷು ಅರ್ಧದಷ್ಟು ಸವೆದಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸತಕ್ಕದ್ದು. ಸ್ಪ್ರಿಂಗಿನ ಬಿಗಿಯನ್ನೂ ನೋಡಬೇಕು. ಬುಷ್ಷು ಸವೆದರೆ ಆರ್ಮೇಚರು ಓಲಾಡಿ ಒಳಗಿನ ಕಬ್ಬಿಣದ ಪೋಲುಗಳಿಗೆ ಉಜ್ಜುವುದು. ಆರ್ಮೇಚರಿನ ಮೇಲೆ ಹೊಳೆಯುವ ಗೀರುಗಳು ಕಂಡರೆ ಇದೇ ಕಾರಣ. ಹೊಸ ಕಂಚಿನ ಬುಷ್ಷುಗಳನ್ನು ಒಂದು ಹಗಲು ಒಂದು ರಾತ್ರಿ ತೆಳುವಾದ ಎಂಜಿನ್ ಎಣ್ಣೆಯಲ್ಲಿ ನೆನೆಯಿಟ್ಟು ಆಮೇಲೆ ಕೂಡಿಸತಕ್ಕದ್ದು. ಅವು ಸೂಕ್ಷ್ಮ ರಂಧ್ರಗಳುಳ್ಳವಾದ್ದರಿಂದ ಎಣ್ಣೆಯನ್ನು ಹೀರಿಕೊಂಡು ಬಹುಕಾಲ ಇಟ್ಟುಕೊಳ್ಳುವುವು. ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸಿಕೊಡುವೆನೆನ್ನುವವನು ಈ ಕೆಲಸವನ್ನು ಮಾಡಲಾರನು.

ಕಮ್ಯುಟೇಟರಿನ ಕಪ್ಪನ್ನು ನಯವಾದ ಮರಳು ಕಾಗದದಿಂದ ಮಾತ್ರ ತೆಗೆಯಬೇಕು. ಎಮರಿ ಕಾಗದವನ್ನು ಎಂದಿಗೂ ಉಪಯೋಗಿಸಕೂಡದು. ಅದರ ಹರಳುಗಳು ತಾಮ್ರದಲ್ಲಿ ಹೂತುಕೊಂಡು ಹೊಸ ಬ್ರಷ್ಷನ್ನು ತಿನ್ನುವುವು. ತಾಮ್ರದ ಪಟ್ಟಿಗಳ ನಡುವಣ ಅಭ್ರಕವನ್ನು ಕೊರೆಯಬೇಕೋ ಬೇಡವೋ ಎಂಬುದು ಒಂದೊಂದು ಮಾದರಿಗೆ ಒಂದೊಂದು ಬಗೆ. ತಯಾರಕರ ಪುಸ್ತಕವನ್ನೇ ನಂಬತಕ್ಕದ್ದು. ಪಿನಿಯನ್ನಿನ ಕ್ಲಚ್ಚನ್ನು ಪೆಟ್ರೋಲಿನಲ್ಲಾಗಲಿ ಡೀಸೆಲಿನಲ್ಲಾಗಲಿ ಅದ್ದಿ ತೊಳೆಯುವ ದುರಭ್ಯಾಸವೊಂದುಂಟು. ಒಳಗಿನ ಗ್ರೀಸು ತೊಳೆದುಹೋಗಿ ಅದು ಕೆಡುವುದು. ಬಟ್ಟೆಯಿಂದ ಒರಸಿದರೆ ಸಾಕು.

ಬ್ರಷ್ಷು, ಬುಷ್ಷು, ಸೋಲನಾಯ್ಡು, ಕ್ಲಚ್ಚು ಇಷ್ಟರಲ್ಲಿ ಮುಗಿಯುವುದಾದರೆ ದುರಸ್ತಿಯೇ ಲಾಭ. ಆರ್ಮೇಚರಿನ ಸುರುಳಿ ಸುಟ್ಟಿದ್ದು, ಅದನ್ನು ಮತ್ತೆ ಸುತ್ತಿಸಬೇಕಾದರೆ ವಿಚಾರ ಮಾಡಬೇಕಾದುದು. ಖರ್ಚು ಹೊಸದರ ಬೆಲೆಯ ಅರ್ಧವನ್ನು ದಾಟುವಂತಿದ್ದರೆ ಬದಲಿಸುವುದು ಲೇಸು. ಬದಲಿ ಸ್ಟಾರ್ಟರನ್ನು ಕೊಳ್ಳುವಾಗ ವೋಲ್ಟು, ತಿರುಗುವ ದಿಕ್ಕು, ಪಿನಿಯನ್ನಿನ ಹಲ್ಲುಗಳ ಲೆಕ್ಕ, ಬೋಲ್ಟಿನ ರಂಧ್ರಗಳ ಅಂತರ ಇವುಗಳನ್ನು ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಬೇಕು. ಹಳೆಯದನ್ನು ಅಂಗಡಿಗೆ ಒಯ್ಯದೆ ಕೊಂಡವರು ಎರಡು ಸಾರಿ ಬಸ್ಸಿನ ಛಾರ್ಜು ಕೊಡುವರು.

ಇನ್ನು ಅಪಾಯದ ವಿಷಯ. ಹೇರು ತುಂಬಿದ ಲಾರಿಯನ್ನು ಇಳಿಜಾರಿನಲ್ಲಿ ಉರುಳಿಸಿ ಸ್ಟಾರ್ಟು ಮಾಡುವುದು ಹಲವರಿಗೆ ಅಭ್ಯಾಸವಾಗಿದೆ. ಗಾಳಿಯಿಂದ ಅಥವಾ ನಿರ್ವಾತದಿಂದ ಕೆಲಸ ಮಾಡುವ ಬ್ರೇಕುಗಳಿಗೆ ಎಂಜಿನು ಓಡುತ್ತಿರಬೇಕು. ರಾತ್ರಿಯೆಲ್ಲಾ ನಿಂತ ಹಳೆಯ ಗಾಡಿಯ ಟ್ಯಾಂಕಿಯಲ್ಲಿ ಗಾಳಿಯು ಸೋರಿಹೋಗಿರುವುದುಂಟು. ಎಂಜಿನು ಹಿಡಿಯದೆ ಹೋದರೆ ಲಾರಿಯು ಚಾಲಕನ ಸ್ವಾಧೀನದಲ್ಲಿರದು. ಗಾಡಿಯ ಅಡಿಗೆ ನುಗ್ಗಿ ಸ್ಪಾನರಿನಿಂದ ಸ್ಟಾರ್ಟರಿನ ಎರಡು ತುದಿಗಳನ್ನು ಕೂಡಿಸುವುದು ಇದಕ್ಕಿಂತಲೂ ಕೆಟ್ಟದು; ಗೇರಿನಲ್ಲಿದ್ದ ಲಾರಿಯು ಒಡನೆಯೇ ಚಲಿಸಿ, ಅಡಿಯಲ್ಲಿರುವವನ ಮೇಲೆಯೇ ಹಾಯುವುದು. ಇವೆರಡನ್ನೂ ತಮ್ಮ ತಮ್ಮ ಗ್ರಾಮಗಳಲ್ಲಿ ಮುಖ್ಯಸ್ಥರು ಖಂಡಿತವಾಗಿ ತಡೆಯಬೇಕು.

ಒಂದೇ ಮಾದರಿಯ ಮೂರು ನಾಲ್ಕು ಲಾರಿಗಳಿರುವ ಗ್ರಾಮದಲ್ಲಿ, ಯಜಮಾನರು ಸೇರಿ ಅಥವಾ ಸಹಕಾರ ಸಂಘದ ಮೂಲಕ, ದುರಸ್ತಿಯಾದ ಸ್ಟಾರ್ಟರೊಂದನ್ನು ಕೊಯ್ಲಿನ ಕಾಲಕ್ಕೆ ಸಿದ್ಧವಾಗಿಟ್ಟುಕೊಳ್ಳಬಹುದು. ಅದನ್ನು ಒಣ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ ಅಟ್ಟದ ಮೇಲಿಡಬೇಕು. ಗೊಬ್ಬರದ ಚೀಲಗಳ ಹತ್ತಿರ ಮಾತ್ರ ಇಡಕೂಡದು, ಅವುಗಳ ತೇವವು ತಾಮ್ರವನ್ನು ಹಸುರುಗಟ್ಟಿಸುವುದು. ಲಾರಿಗೆ ಕೂಡಿಸಿದ ಮೇಲೆ ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುವೆ ಒಂದು ನಿಮಿಷವಾದರೂ ಬಿಡುವು ಕೊಡತಕ್ಕದ್ದು.