ನಿಂತಲ್ಲೇ ನಡುಗುವ ಇಂಜಿನ್

ಹುಬ್ಬಳ್ಳಿಯ ಚನ್ನಮ್ಮ ವೃತ್ತದಲ್ಲೋ ಧಾರವಾಡದ ಜ್ಯುಬಿಲಿ ವೃತ್ತದಲ್ಲೋ ಕೆಂಪು ದೀಪಕ್ಕೆ ನಿಂತ ಕಾರಿನ ಇಂಜಿನ್, ಆಕ್ಸಿಲರೇಟರ್ ಮೇಲೆ ಕಾಲಿಡದಿದ್ದರೂ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುತ್ತಲೇ ಇರಬೇಕು. ಇದಕ್ಕೆ ಐಡಲಿಂಗ್ ಎಂದು ಹೆಸರು. ಈ ಹೊತ್ತಿನಲ್ಲಿ ಇಂಜಿನ್ ತನ್ನೊಳಗಿನ ಘರ್ಷಣೆಯನ್ನು ಮೀರಿ ತಿರುಗುವುದಕ್ಕೆ ಬೇಕಾದಷ್ಟು ಮಾತ್ರವೇ ಶಕ್ತಿಯನ್ನು ಹುಟ್ಟಿಸುವುದರಿಂದ, ಓಟದಲ್ಲಿ ಗೊತ್ತೇ ಆಗದ ಸಣ್ಣ ದೋಷವೂ ಇಲ್ಲಿ ಸ್ಟೀರಿಂಗಿನ ನಡುಕವಾಗಿ ಬಯಲಿಗೆ ಬರುತ್ತದೆ, ಮಿತಿಮೀರಿದರೆ ಗಾಡಿ ಬಂದ್ ಬೀಳುತ್ತದೆ. ಗ್ಯಾರೇಜುಗಳಲ್ಲಿ ‘ಮಿಸ್ಸಿಂಗ್’ ಎಂದು ಗುರುತು ಹಾಕಿಕೊಂಡು ಒಂದಾದ ಮೇಲೊಂದು ಭಾಗವನ್ನು ಬದಲಿಸುತ್ತ ಹೋಗುವುದು ದುಬಾರಿಯ ದಾರಿ. ಇಂಜಿನ್ ತಣ್ಣಗಿದ್ದಾಗ ನಡುಗುತ್ತದೆಯೋ, ಕಾದ ಮೇಲೆಯೋ, ಎ.ಸಿ. ಹಾಕಿದಾಗ ಮಾತ್ರವೋ ಎಂಬ ಪ್ರಶ್ನೆಗೆ ಮೊದಲು ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಪೆಟ್ರೋಲ್ ಸಂಪೂರ್ಣವಾಗಿ ಉರಿಯಲು ತೂಕದಲ್ಲಿ ತನ್ನ 14.7 ಪಟ್ಟು ಗಾಳಿ ಬೇಕು. ಈ ಗಾಳಿಯ ಬಾಗಿಲೆಂದರೆ ಥ್ರಾಟಲ್ ಬಾಡಿಯೊಳಗಿನ ತಿರುಗುವ ತಟ್ಟೆ; ಐಡಲಿಂಗಿನಲ್ಲಿ ಅದು ಬಹುಮಟ್ಟಿಗೆ ಮುಚ್ಚಿಕೊಂಡೇ ಇರುವುದರಿಂದ, ಉಳಿದ ಕೂದಲೆಳೆಯಷ್ಟು ಸಂದಿಯಲ್ಲಿ ಮಸಿ ಮತ್ತು ಎಣ್ಣೆಯ ಜಿಡ್ಡು ಕಟ್ಟಿದರೆ ಗಾಳಿಯ ಲೆಕ್ಕವೇ ತಪ್ಪುತ್ತದೆ. ಎ.ಸಿ. ಹಾಕಿದೊಡನೆ ಕಂಪ್ರೆಸರಿನ ಭಾರ ಬಿದ್ದು ಇಂಜಿನ್ ಕುಸಿಯುವುದಕ್ಕೂ ಅನೇಕ ವೇಳೆ ಇದೇ ಕಾರಣ. ಹುಬ್ಬಳ್ಳಿಯಿಂದ ನವಲಗುಂದದ ಕಡೆಗಿನ ಎರೆಭೂಮಿಯಲ್ಲಿ ಬೇಸಿಗೆಯುದ್ದಕ್ಕೂ ಓಡಾಡುವ ಕಾರಿನ ಏರ್ ಫಿಲ್ಟರ್ ಧೂಳಿನಿಂದ ಬೇಗ ಕಟ್ಟಿಕೊಳ್ಳುವುದರಿಂದ, ಕಂಪನಿಯ ಪುಸ್ತಕದಲ್ಲಿ ಹೇಳಿದ ಅವಧಿಗೆ ಕಾಯದೆ ಅದನ್ನು ಬಿಚ್ಚಿ ನೋಡುವುದು ಲೇಸು. ಕಾರ್ಬ್ಯುರೇಟರ್ ಇದ್ದ ಹಳೆಯ ಮಾರುತಿ 800ರ ಕಾಲದಲ್ಲಿ ಸ್ಕ್ರೂ ತಿರುವಿ ಐಡಲ್ ಕೂರಿಸಲಾಗುತ್ತಿತ್ತು. ಈಗ ಸಮುದ್ರಮಟ್ಟದ ಕಾರವಾರದಿಂದ ಘಟ್ಟ ಹತ್ತಿ, ಗಾಳಿ ಶೇಕಡ 6–7ರಷ್ಟು ವಿರಳವಾಗಿರುವ ಧಾರವಾಡಕ್ಕೆ ಬಂದ ಕಾರಿನಲ್ಲಿ ಆ ಹೊಂದಾಣಿಕೆಯನ್ನು ಕಂಪ್ಯೂಟರೇ ಮಾಡಿಕೊಳ್ಳುತ್ತದೆ.

ಆದರೆ ಕಂಪ್ಯೂಟರಿನ ಅರಿವು ಸೆನ್ಸರುಗಳು ತಿಳಿಸಿದಷ್ಟೇ. ಗಾಳಿಯನ್ನು ಅಳೆಯುವ ಸೆನ್ಸರನ್ನು ದಾಟಿದ ಮೇಲೆ ಎಲ್ಲಾದರೂ ರಬ್ಬರ್ ಪೈಪು ಬಿರಿದಿದ್ದರೆ, ಲೆಕ್ಕಕ್ಕೆ ಸಿಗದ ಗಾಳಿ ಅಲ್ಲಿಂದ ಒಳಗೆ ಹೀರಲ್ಪಟ್ಟು ಮಿಶ್ರಣ ತೆಳುವಾಗುತ್ತದೆ; ಬಾನೆಟ್ ತೆರೆದಾಗ ‘ಸುಸ್ಸ್’ ಎನ್ನುವ ಸದ್ದು ಕೇಳಿಸುವುದೂ, ಆಕ್ಸಿಲರೇಟರ್ ಒತ್ತಿದರೆ ನಡುಕ ಕಡಿಮೆಯಾಗುವುದೂ ಇದರ ಗುರುತು.

ನಡುಕ ತಾಳ ಹಾಕಿದಂತೆ ಕ್ರಮವಾಗಿದ್ದರೆ ಒಂದು ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂದು ತಿಳಿಯಬೇಕು. ಡ್ಯಾಶ್‌ಬೋರ್ಡಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದಾಗ ‘ಪಿ0301’ ಎಂಬ ಸಂಕೇತ ಬಂದರೆ ದೋಷವಿರುವುದು ಒಂದನೆಯ ಸಿಲಿಂಡರಿನಲ್ಲಿ. ಪ್ರತಿ ಪ್ಲಗ್ಗಿಗೂ ಪ್ರತ್ಯೇಕ ಕಾಯಿಲ್ ಇರುವ ಕಾರಿನಲ್ಲಿ ಒಂದನೆಯ ಮತ್ತು ಎರಡನೆಯ ಕಾಯಿಲುಗಳನ್ನು ಅದಲುಬದಲು ಮಾಡಿ ಮತ್ತೆ ಓದಿದಾಗ ಸಂಕೇತ ‘ಪಿ0302’ ಆಗಿ ಬದಲಾದರೆ ತಪ್ಪು ಕಾಯಿಲಿನದು, ಹಾಗೆಯೇ ಉಳಿದರೆ ಪ್ಲಗ್ಗನ್ನೂ ಇಂಜೆಕ್ಟರನ್ನೂ ನೋಡಬೇಕಾಗುತ್ತದೆ. ಒಂದು ರೂಪಾಯಿಯ ಬಿಡಿಭಾಗವನ್ನೂ ಕೊಳ್ಳದೆ ಮಾಡಬಹುದಾದ ಈ ಪರೀಕ್ಷೆಯನ್ನು ಬಿಟ್ಟು ನಾಲ್ಕೂ ಕಾಯಿಲುಗಳನ್ನು ಬದಲಿಸುವವರಿದ್ದಾರೆ. ಇಂಜಿನ್ ದೀಪ ಮಿನುಗುತ್ತಿದ್ದರೆ ಮಾತ್ರ ತಡಮಾಡಬಾರದು. ಉರಿಯದ ಪೆಟ್ರೋಲ್ ಹೊಗೆ ಶುದ್ಧೀಕರಿಸುವ ಕನ್ವರ್ಟರನ್ನು ತಲುಪಿ ಅಲ್ಲಿ ಉರಿದು, ಅದನ್ನೇ ಸುಟ್ಟುಬಿಡುತ್ತದೆ.

ಇಂಧನದ ಕಡೆ ಪಂಪು ಮತ್ತು ಫಿಲ್ಟರಿನ ತೊಂದರೆಗಳು ಎಲ್ಲರಿಗೂ ಪರಿಚಿತವೇ. ಅವುಗಳ ಜೊತೆಗೆ, 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ನೀರನ್ನು ಹೀರುವ ಗುಣದ್ದಾದ್ದರಿಂದ, ಮಳೆಗಾಲವಿಡೀ ಓಡಿಸದೆ ನಿಲ್ಲಿಸಿದ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಸೇರಿರುವ ಸಾಧ್ಯತೆಯನ್ನೂ ಮರೆಯಬಾರದು.

ಕಾದ ಮೇಲೆ ಫಕ್ಕನೆ ನಿಂತು, ಆರಿದ ನಂತರ ಏನೂ ಆಗದಂತೆ ಚಾಲೂ ಆಗುವ ಗಾಡಿಯಲ್ಲಿ ಕ್ರ್ಯಾಂಕ್ ಸೆನ್ಸರಿನ ಮೇಲೆ ಮೊದಲ ಅನುಮಾನ ಬರಬೇಕು; ತಿರುಗುವ ದಂಡದ ಸ್ಥಾನವನ್ನು ತಿಳಿಸುವ ಈ ಸೆನ್ಸರ್ ಸುಮ್ಮನಾದರೆ ಕಿಡಿಯೂ ಇಲ್ಲ, ಇಂಧನವೂ ಇಲ್ಲ. ನವಲೂರಿನ ಇಳಿಜಾರಿನಲ್ಲಿ ಹೀಗಾದರೆ ಸ್ಟೀರಿಂಗ್ ಬಿಗಿಯಾಗುತ್ತದೆ. ಬ್ರೇಕಿಗೆ ಬಲ ಕೊಡುವ ಬೂಸ್ಟರಿನಲ್ಲಿ ಒಂದೆರಡು ಸಲ ಒತ್ತಲು ಸಾಕಾಗುವಷ್ಟೇ ನಿರ್ವಾತ ಉಳಿದಿರುವುದರಿಂದ, ಪೆಡಲನ್ನು ಮತ್ತೆ ಮತ್ತೆ ತುಳಿಯದೆ ಒಂದೇ ಬಾರಿ ಗಟ್ಟಿಯಾಗಿ ಒತ್ತಿಹಿಡಿದು, ಕೀಲಿಯನ್ನು ಹೊರತೆಗೆಯದೆ, ಕಾರನ್ನು ಎಡಬದಿಗೆ ತರಬೇಕು.