ಗಣಕದ ಗೊಣಗಾಟ

ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬರಿಯ ಕಣ್ಣಿನಿಂದ ನೋಡಿ ತೃಪ್ತರಾಗುವುದಿಲ್ಲ. ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳುತ್ತಾರೆ. ಕಂಠ ಚೆನ್ನಾಗಿದ್ದರೆ ಮಡಕೆ ಗಟ್ಟಿ. ದನಿ ಒಡೆದಿದ್ದರೆ ಎಲ್ಲಿಯೋ ಕೂದಲೆಳೆಯಷ್ಟು ಬಿರುಕಿದೆ ಎಂದು ಅರ್ಥ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುವುದೂ ಇದೇ ವಿದ್ಯೆಯ ಇನ್ನೊಂದು ಪಾಠ. ಕಣ್ಣಿಗೆ ಕಾಣದ ಒಳಗನ್ನು ಕಿವಿಯಿಂದ ಅರಿಯುವ ವಿದ್ಯೆ ಅದು.

ವೈದ್ಯರೂ ಈ ವಿದ್ಯೆಗೆ ಋಣಿಗಳೆ. ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನ ರೋಗವನ್ನು ಗುರುತಿಸುವ ಕ್ರಮವನ್ನು ಔಯೆನ್‌ಬ್ರುಗರ್ ಎಂಬ ಆಸ್ಟ್ರಿಯದ ವೈದ್ಯ 1761ರಲ್ಲಿ ಪ್ರಕಟಿಸಿದ. ಫ್ರಾನ್ಸಿನ ಲೆನೆಕ್ 1816ರಲ್ಲಿ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ. ಇಂದು ವೈದ್ಯರ ಕೊರಳಲ್ಲಿ ತೂಗುವ ಸ್ಟೆತಸ್ಕೋಪು ಆ ಕಾಗದದ ಸುರುಳಿಯ ಸಂತಾನ. ಇಷ್ಟನ್ನೂ ನಾನು ಪೀಠಿಕೆಯಾಗಿ ಹೇಳಿದ್ದು, ನಮ್ಮ ಮನೆಗಳಲ್ಲಿ ಮೇಜಿನ ಬಳಿ ಕುಳಿತಿರುವ ಒಂದು ಪೆಟ್ಟಿಗೆಯ ಅಳಲನ್ನು ನಿಮ್ಮ ಮುಂದಿಡುವುದಕ್ಕಾಗಿ. ಆ ಪೆಟ್ಟಿಗೆಯೇ ಕಂಪ್ಯೂಟರು. ವರ್ಷಗಟ್ಟಲೆ ಮೆಲುದನಿಯಲ್ಲಿ ದುಡಿದ ಅದು ಒಂದು ದಿನ ಗೊಣಗಲು ತೊಡಗುತ್ತದೆ. ಕೆಲವರು ಅದನ್ನು ಅಪಶಕುನವೆಂದು ಬೆದರುತ್ತಾರೆ. ಹಲವರು ಮುದುಕರ ಕೆಮ್ಮೆಂದು ಅಲಕ್ಷಿಸುತ್ತಾರೆ. ಎರಡೂ ತರವಲ್ಲ. ಮೊದಲು ಕೇಳಬೇಕು.

ಗಣಕಕ್ಕೂ ಸದ್ದಿಗೂ ಇರುವ ನಂಟು ಹಳೆಯದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದ ಫೆರಾಂಟಿ ಮಾರ್ಕ್ ಒನ್ ಎಂಬ ಯಂತ್ರಕ್ಕೆ ಒಂದು ಧ್ವನಿವರ್ಧಕವನ್ನೇ ಜೋಡಿಸಿದ್ದರು. ಲೆಕ್ಕ ಎಲ್ಲಿಯವರೆಗೆ ಬಂತು, ಯಂತ್ರ ಎಲ್ಲಿ ಸಿಕ್ಕಿಕೊಂಡಿತು ಎಂಬುದನ್ನು ಅದರ ದನಿಯಿಂದಲೇ ತಿಳಿಯಬಹುದಾಗಿತ್ತು. ಕ್ರಿಸ್ಟಫರ್ ಸ್ಟ್ರೇಚಿ ಎಂಬಾತ ಆ ದನಿಯನ್ನೇ ಪಳಗಿಸಿ ಬ್ರಿಟನ್ನಿನ ರಾಷ್ಟ್ರಗೀತೆಯನ್ನು ನುಡಿಸಿದ. 1951ರಲ್ಲಿ ಬಿ.ಬಿ.ಸಿ. ಬಾನುಲಿಯವರು ಆ ಯಂತ್ರದ ಗಾನವನ್ನು ಧ್ವನಿಮುದ್ರಿಸಿಕೊಂಡರು. ಆ ಕಾಲದವರಿಗೆ ಯಂತ್ರದ ಸದ್ದು ಕಿರಿಕಿರಿಯಾಗಿರಲಿಲ್ಲ, ವರದಿಯಾಗಿತ್ತು. ನಮ್ಮ ಕಂಪ್ಯೂಟರೂ ವರದಿ ಒಪ್ಪಿಸುವುದನ್ನು ಬಿಟ್ಟಿಲ್ಲ. ಕೇಳುವ ಅಭ್ಯಾಸವನ್ನು ಬಿಟ್ಟವರು ನಾವು.

ಗಣಕದ ಲೆಕ್ಕಾಚಾರವೆಲ್ಲ ವಿದ್ಯುತ್ತಿನದು. ವಿದ್ಯುತ್ತಿನ ನಡಿಗೆ ಬಹುಮಟ್ಟಿಗೆ ನಿಶ್ಶಬ್ದ. ಸದ್ದು ಬರುವುದು ಪ್ರಧಾನವಾಗಿ ಚಲಿಸುವ ಅಂಗಗಳಿಂದ. ಅಂಥವು ಈ ಪೆಟ್ಟಿಗೆಯೊಳಗೆ ಹೆಚ್ಚಿಲ್ಲ: ಬಿಸಿಯನ್ನು ಹೊರದೂಡುವ ಮೂರು ನಾಲ್ಕು ಫ್ಯಾನುಗಳು, ಬರೆದುದನ್ನೆಲ್ಲ ಕಾಯ್ದಿಡುವ ಹಾರ್ಡ್ ಡಿಸ್ಕು, ಹಳೆಯ ಪೆಟ್ಟಿಗೆಯಾದರೆ ಸಿ.ಡಿ. ತಿರುಗಿಸುವ ಒಂದು ಡ್ರೈವು. ಆದ್ದರಿಂದ ಅಪರಾಧಿಯನ್ನು ಹುಡುಕಲು ಊರೆಲ್ಲ ಅಲೆಯಬೇಕಾಗಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಸದ್ದು ಯಾವಾಗ ಬರುತ್ತದೆ? ಎಲ್ಲಿಂದ ಬರುತ್ತದೆ? ಯಾವ ಲಯದಲ್ಲಿ ಬರುತ್ತದೆ?

ಬೆಳಗ್ಗೆ ಗುಂಡಿ ಒತ್ತಿದೊಡನೆ ಗರಗರನೆ ಕೂಗಿ, ಹತ್ತು ನಿಮಿಷದಲ್ಲಿ ತಣ್ಣಗಾಗುವುದು ಸಾಮಾನ್ಯವಾಗಿ ಫ್ಯಾನು. ಅದರ ಬೇರಿಂಗಿನ ಎಣ್ಣೆ ಒಣಗುತ್ತಿದೆ. ತುಸು ಬಿಸಿಯಾದ ಮೇಲೆ ಸರಾಗವಾಗುತ್ತದೆ. ದೊಡ್ಡ ಕೆಲಸ ಕೊಟ್ಟಾಗ ಮಾತ್ರ ಭೋರ್ಗರೆದರೆ ಒಳಗೆ ಕಾವು ಏರಿದೆ ಎಂದರ್ಥ. ರೆಕ್ಕೆಗಳ ಸಂದಿಯಲ್ಲಿ ಧೂಳಿನ ಹತ್ತಿ ಮೆತ್ತಿಕೊಂಡಿರಬೇಕು. ಟಕಟಕ ಎಂದು ಒಂದೇ ಸಮನೆ ಬಡಿದರೆ ಯಾವುದೋ ತಂತಿ ರೆಕ್ಕೆಗೆ ತಾಗುತ್ತಿದೆ. ಝೇಂಕಾರದಂತೆ ಕೇಳಿದಾಗ ಪೆಟ್ಟಿಗೆಯ ಪಕ್ಕದ ತಗಡಿನ ಮೇಲೆ ಅಂಗೈ ಒತ್ತಿ ನೋಡಿ. ಸದ್ದು ನಿಂತರೆ ರೋಗ ಯಾವುದೂ ಇಲ್ಲ. ಒಂದು ತಿರುಪು ಸಡಿಲವಾಗಿದೆ, ಅಷ್ಟೆ. ಪರದೆಯ ಮೇಲಿನ ಚಿತ್ರ ಬದಲಾದಂತೆ ಕೀರಲು ದನಿಯೂ ಬದಲಾದರೆ ಅದು ತಂತಿಸುರುಳಿಗಳ ಕಂಪನ. ಕಿವಿಗೆ ಹಿಂಸೆಯೇ ಹೊರತು ಯಂತ್ರಕ್ಕೆ ಅಪಾಯವಲ್ಲ. ಇನ್ನು ಕರೆಂಟು ಹೋದಾಗ ಮೇಜಿನ ಕೆಳಗಿನಿಂದ ಬರುವ ಪೀಂಪೀಂ ಕಂಪ್ಯೂಟರಿನದೇ ಅಲ್ಲ, ಯುಪಿಎಸ್ಸಿನದು. ನೆರೆಮನೆಯವನ ಕೂಗಿಗೆ ನಮ್ಮ ಮನೆಯವನನ್ನು ಗದರಿಸಬಾರದಷ್ಟೆ.

ಎಲ್ಲಿಂದ ಎಂಬ ಪ್ರಶ್ನೆಗೆ ಲೆನೆಕ್ಕನ ಕಾಗದದ ಸುರುಳಿ ಇಂದಿಗೂ ಉತ್ತರ ಹೇಳುತ್ತದೆ. ಒಂದು ತುದಿ ಕಿವಿಗೆ, ಮತ್ತೊಂದು ತುದಿ ಪೆಟ್ಟಿಗೆಯ ಹೊರಮೈಗೆ. ಹಾಗೂ ಸಂಶಯ ತೀರದಿದ್ದರೆ ವಿದ್ಯುತ್ತನ್ನು ಪೂರ್ತಿಯಾಗಿ ಕಳಚಿ, ಪಕ್ಕದ ತಗಡನ್ನು ತೆಗೆದು, ಮೆತ್ತನೆಯ ಕುಂಚದಿಂದ ಧೂಳು ಝಾಡಿಸಬೇಕು. ಆಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಆದರೆ ವಿದ್ಯುತ್ತನ್ನು ಹದಗೊಳಿಸಿ ಹಂಚುವ ಎಸ್‌ಎಂಪಿಎಸ್ ಎಂಬ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚತಕ್ಕದ್ದಲ್ಲ. ಪ್ಲಗ್ಗು ಕಿತ್ತ ಮೇಲೂ ಅದರ ಒಡಲಲ್ಲಿ ಕೊಲ್ಲಬಲ್ಲ ವಿದ್ಯುತ್ತು ಉಳಿದಿರುತ್ತದೆ. ಅಲ್ಲಿಂದ ಚಟಪಟ ಸದ್ದಿನೊಡನೆ ಸುಟ್ಟ ವಾಸನೆ ಬಂದರೆ ಪರೀಕ್ಷೆಗೆ ನಿಲ್ಲದೆ ಸ್ವಿಚ್ಚು ಆರಿಸುವುದೇ ವಿವೇಕ.

ಇಲ್ಲಿಯವರೆಗಿನದು ಸುಲಭದ ಮಾತು. ಫ್ಯಾನು ಕೆಟ್ಟರೆ ಬೇರೊಂದು ಫ್ಯಾನು ಸಿಗುತ್ತದೆ. ಡಿಸ್ಕಿನ ಸದ್ದು ಹಾಗಲ್ಲ. ಕನ್ನಡಿಯಂಥ ತಟ್ಟೆಗಳು ಅದರೊಳಗೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ. 7200 ಎಂದರೆ ಸೆಕೆಂಡಿಗೆ 120 ಸುತ್ತು. ಓದುವ ಬರೆಯುವ ಸೂಕ್ಷ್ಮವಾದ ತಲೆ ಆ ತಟ್ಟೆಯನ್ನು ಮುಟ್ಟದೆ, ಅದರ ಮೇಲೆ ತೇಲುತ್ತದೆ. ನಡುವಿನ ಅಂತರ ನಮ್ಮ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲೂ ಇಲ್ಲ. ಆರೋಗ್ಯವಂತ ಡಿಸ್ಕು ಜೇನಿನಂತೆ ಗುಂಯ್ಗುಡುತ್ತ, ಆಗಾಗ ಇಲಿ ಕೆರೆದಂತೆ ಸಣ್ಣಗೆ ಕರಕರ ಎನ್ನುತ್ತದೆ. ಆದರೆ ‘ಕ್ಲಿಕ್, ಕ್ಲಿಕ್’ ಎಂದು ಎಣಿಸಿದಂತೆ ಸದ್ದು ಬಂದು, ನಡುವೆ ತಡೆದು, ಮತ್ತೆ ಅದೇ ಮೊದಲಾದರೆ, ಆ ತಲೆ ತನ್ನ ದಾರಿಯ ಗುರುತನ್ನು ಹುಡುಕಿ ಕಾಣದೆ ಮರಳಿ ಮರಳಿ ಹೊರಟಲ್ಲಿಗೇ ಬರುತ್ತಿದೆ ಎಂದು ಶಂಕಿಸಬೇಕು. ಕೊರೆಯುವ, ಉಜ್ಜುವ ಸದ್ದಾದರೆ ಇನ್ನೂ ಕೆಟ್ಟದ್ದು. ತಲೆ ತಟ್ಟೆಗೇ ತಾಗಿ ಬರಹದ ನೆಲವನ್ನೇ ಗೀರುತ್ತಿರಬಹುದು.

ನನ್ನ ಬೀದಿಯಲ್ಲಿ ನಿವೃತ್ತರಾದ ಒಬ್ಬ ಮೇಷ್ಟ್ರು ಇದ್ದಾರೆ. ಹಳ್ಳಿಹಳ್ಳಿ ತಿರುಗಿ ಕೂಡಿಹಾಕಿದ ಹಾಡುಗಳನ್ನು ಅವರು ತಾವೇ ಬೆರಳಚ್ಚು ಮಾಡಿ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಒಂದು ಸಂಜೆ ನನ್ನನ್ನು ಕರೆಸಿಕೊಂಡು, “ಏನೋ ಟಿಕ್ಕು ಟಿಕ್ಕು ಅನ್ನುತ್ತದೆ, ಗೋಡೆ ಗಡಿಯಾರದ ಹಾಗೆ. ಸ್ವಲ್ಪ ಕೇಳಿ ನೋಡಿ” ಎಂದರು. ಕೇಳಿದೆ. ಕೂಡಲೆ ಆರಿಸಿಬಿಡಿ ಎಂದೆ. ಅವರು ಕೈ ಹಿಡಿದುಕೊಂಡು, “ಒಂದೇ ಒಂದು ಸಲ ಹಚ್ಚೋಣ. ಮುಖ್ಯವಾದವನ್ನಾದರೂ ತೆಗೆದುಕೊಂಡುಬಿಡುತ್ತೇನೆ” ಎಂದು ಬೇಡಿದರು. ಆ ಒಂದು ಸಲವೇ ಕೊನೆಯ ಗೀರಾಗಬಹುದು ಎಂದು ನಾನು ಒಪ್ಪಲಿಲ್ಲ. ಅವರ ಮುಖ ನೋಡುವುದು ಕಷ್ಟವಾಯಿತು. ಡಿಸ್ಕನ್ನು ಬಿಚ್ಚಿ, ಇಂಥದರಲ್ಲಿ ನುರಿತವರಿಗೆ ಕಳುಹಿಸಿದೆವು. ಹಲವು ವಾರಗಳ ಮೇಲೆ ಬಹುಪಾಲು ಹಿಂದಿರುಗಿತು. ಬಾರದೆ ಹೋದವುಗಳಲ್ಲಿ ಕೆಲವನ್ನು ಹಾಡಿದ ಮುದುಕಿಯರು ಆ ವೇಳೆಗೆ ತೀರಿಹೋಗಿದ್ದರು. “ಮತ್ತೆ ಹೋಗಿ ಕೇಳೋಣವೆಂದರೆ ಬಾಗಿಲು ತೆರೆಯುವವರಿಲ್ಲ” ಎಂದರು ಮೇಷ್ಟ್ರು. ಅದಕ್ಕೆ ನಾನು ಏನು ಹೇಳಲಿ?

ಆದುದರಿಂದ ಕ್ಲಿಕ್ ಸದ್ದು ಕೇಳಿದಾಗ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ಮತ್ತೆ ಮತ್ತೆ ಹಚ್ಚಿ ನೋಡಬಾರದು. ಡಿಸ್ಕನ್ನು ತಟ್ಟಬಾರದು, ಬಿಚ್ಚಬಾರದು, ಯಾರೋ ಹೇಳಿದರೆಂದು ಫ್ರಿಜ್ಜಿನಲ್ಲಿ ಇಡಬಾರದು. ದುರಸ್ತಿ ಮಾಡುತ್ತೇವೆನ್ನುವ ತಂತ್ರಾಂಶಗಳನ್ನು ಅದರ ಮೇಲೆ ಓಡಿಸಬಾರದು. ಕಾಲು ಮುರಿದವನನ್ನು ನಡೆಸಿ ಪರೀಕ್ಷಿಸಿದಂತಾಗುತ್ತದೆ. ಸದ್ದಿನಲ್ಲಿ ಬರಿಯ ವ್ಯತ್ಯಾಸವಷ್ಟೇ ಇದ್ದು ಡಿಸ್ಕು ಇನ್ನೂ ಓದುತ್ತಿದ್ದರೆ, ಮೊದಲು ಪ್ರತಿ ಮಾಡಿಕೊಳ್ಳಬೇಕು, ರೋಗನಿರ್ಣಯ ಆಮೇಲೆ. ಬಹುತೇಕ ಡಿಸ್ಕುಗಳು ‘ಸ್ಮಾರ್ಟ್’ ಎಂಬ ಹೆಸರಿನಲ್ಲಿ ತಮ್ಮ ಆರೋಗ್ಯದ ದಿನಚರಿಯನ್ನು ತಾವೇ ಬರೆದಿಟ್ಟಿರುತ್ತವೆ; ಅದನ್ನು ಓದಿ ನೋಡುವುದೂ ಒಳ್ಳೆಯದು.

ಈಚಿನ ಕಂಪ್ಯೂಟರುಗಳಲ್ಲಿ ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಬಂದಿದೆ. ಅದು ವೇಗಶಾಲಿ, ಗಟ್ಟಿಮುಟ್ಟು, ಸಂಪೂರ್ಣ ಮೌನಿ. ಒಳ್ಳೆಯದೇ ಆಯಿತೆಂದು ನಾವು ನೆಮ್ಮದಿಯಾಗಿದ್ದೇವೆ. ಆದರೆ ಮೌನವೇ ಆರೋಗ್ಯದ ಲಕ್ಷಣವಲ್ಲ. ಹಳೆಯ ಡಿಸ್ಕು ಹಲವು ವೇಳೆ ನರಳಿ, ಕೂಗಿ, ಮನೆಯವರನ್ನು ಎಬ್ಬಿಸಿ ಹೋಗುತ್ತಿತ್ತು. ಹೊಸದು ರಾತ್ರಿ ಮಲಗಿದ್ದು ಬೆಳಗ್ಗೆ ಏಳದಿರಬಹುದು. ಕೇಳಿ ತಿಳಿಯುವ ಅವಕಾಶವೇ ಇಲ್ಲದಲ್ಲಿ ಮುಂಚಿತವಾಗಿ ಪ್ರತಿ ಇಡುವುದೊಂದೇ ಉಳಿದಿರುವ ಎಚ್ಚರಿಕೆ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಮನೆಯಿಂದ ಹೊರಗೆ.

ಮಾತನಾಡುವ ಯಂತ್ರ ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ ಅದರ ಗೊಣಗಾಟಕ್ಕೆ ಬೇಸರಪಡಬೇಡಿ. ರಾತ್ರಿ ಊರು ಮಲಗಿದ ಮೇಲೆ ಒಂದು ನಿಮಿಷ ಅದರ ಪಕ್ಕದಲ್ಲಿ ಸುಮ್ಮನೆ ಕುಳಿತು, ಅದರ ಸಹಜವಾದ ದನಿ ಯಾವುದೆಂದು ಪರಿಚಯ ಮಾಡಿಕೊಳ್ಳಿ. ಆ ಪರಿಚಯವಿದ್ದವರಿಗೆ ಮಾತ್ರ ದನಿ ಬದಲಾದ ದಿನ ತಿಳಿಯುತ್ತದೆ.